ಸೋಮವಾರವೇ ಬರೆದಿಟ್ಟ ಪಾಸ್

ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ನಮ್ಮ ವಿಭಾಗದ ಅಕ್ಕ ನನ್ನ ಮೇಜಿನ ಮೇಲೆ ಎರಡು ವಯಲು ತಂದಿಟ್ಟರು. ಕಿರುಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆಗಳು, ಒಳಗೆ ಒಂದಿಷ್ಟು ದ್ರವ. ಎರಡರ ದ್ರವವೂ ಹಳದಿಯಾಗಿತ್ತು. ಅವುಗಳಲ್ಲಿ ಒಂದು ಹಳದಿಯಾಗಲೇಬೇಕು, ಇನ್ನೊಂದು ಯಾವ ಕಾರಣಕ್ಕೂ ಆಗಕೂಡದು.

"ಎರಡೂ ತಿರುಗಿಬುಟ್ಟಿದೆ ಸಾರ್" ಎಂದರು.

ನಾನು ಕಾಫಿ ಲೋಟ ಕೆಳಗಿಟ್ಟೆ.

ನಮ್ಮ ಕೆಲಸ ಏನೆಂದು ಹೇಳದೆ ಮುಂದೆ ಹೋದರೆ ಓದುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ವಿಭಾಗ. ಆಪರೇಷನ್ ಥಿಯೇಟರಿನಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಓಟಿಯಲ್ಲಿ, ಬಳಸಿದ ಕತ್ತರಿ, ಚಿಮಟ, ಸುತ್ತಿಗೆ, ಡ್ರಿಲ್ಲು ಎಲ್ಲ ರಕ್ತ ಮೆತ್ತಿಕೊಂಡು ಕೆಳಗೆ ಬರುತ್ತವೆ. ತೊಳೆದು, ಒಣಗಿಸಿ, ಎಣಿಸಿ, ಒಂದೊಂದು ಆಪರೇಷನ್ನಿಗೆ ಬೇಕಾದಂತೆ ಸೆಟ್ ಜೋಡಿಸಿ, ಬಟ್ಟೆ ಸುತ್ತಿ, ಆಟೋಕ್ಲೇವ್ ಎಂಬ ದೊಡ್ಡ ಹಬೆಪೆಟ್ಟಿಗೆಯೊಳಗೆ ತಳ್ಳುತ್ತೇವೆ. ನೂರ ಮೂವತ್ತನಾಲ್ಕು ಡಿಗ್ರಿಯ ಹಬೆ. ಇಡ್ಲಿ ಬೇಯಿಸುವವರು ಬೆಂದಿದೆಯೋ ಇಲ್ಲವೋ ಎಂದು ಕಡ್ಡಿ ಚುಚ್ಚಿ ನೋಡಬಹುದು. ನಮಗೆ ಆ ಭಾಗ್ಯವಿಲ್ಲ, ಸೂಕ್ಷ್ಮಾಣು ಸತ್ತದ್ದೂ ಕಾಣುವುದಿಲ್ಲ, ಬದುಕಿದ್ದೂ ಕಾಣುವುದಿಲ್ಲ.

ಅದಕ್ಕೇ ಈ ವಯಲು. ಬಿಸಿಗೆ ಸುಲಭವಾಗಿ ಸಾಯದ, ಮನುಷ್ಯನಿಗೆ ತೊಂದರೆ ಕೊಡದ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜ ಅದರಲ್ಲಿರುತ್ತದೆ. ಪೆಟ್ಟಿಗೆಯ ಕೆಳತಟ್ಟೆಯ ಮೂಲೆಯಲ್ಲಿ, ಹಬೆ ತಲುಪಲು ಅತ್ಯಂತ ಕಷ್ಟವಾದ ಜಾಗದಲ್ಲಿ ಅದನ್ನಿಟ್ಟು ಬೇಯಿಸಿ, ಆಮೇಲೆ ಇಪ್ಪತ್ತನಾಲ್ಕು ಗಂಟೆ ಬೆಚ್ಚಗಿಡುತ್ತೇವೆ. ದ್ರವ ನೇರಳೆಯಾಗಿಯೇ ಉಳಿದರೆ ಬೀಜ ಸತ್ತಿದೆ, ಆ ಸಲ ಒಟ್ಟಿಗೆ ಬೆಂದ ಲೋಡು ಪಾಸ್. ಹಳದಿಯಾದರೆ ಬೀಜ ಬದುಕಿದೆ. ಹೋಲಿಕೆಗೆಂದು ಹಬೆ ಕಾಣದ ಇನ್ನೊಂದು ವಯಲನ್ನು ಪಕ್ಕದಲ್ಲಿಡುತ್ತೇವೆ, ಅದು ಮಾತ್ರ ಹಳದಿಯಾಗಬೇಕು. ರೋಗಿಯ ಮೂಳೆಯಲ್ಲೇ ಉಳಿದುಹೋಗುವ ಪ್ಲೇಟು, ಸ್ಕ್ರೂ ಇರುವ ಸೆಟ್ಟನ್ನು ಈ ಫಲಿತಾಂಶ ಬರುವವರೆಗೆ ಕೊಡಕೂಡದೆಂದು ನಿಯಮ. ಆ ನಿಯಮವನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದವನೂ ನಾನೇ.

ನಡೆಯುತ್ತಿದ್ದದ್ದು ಬೇರೆ. ಓಟಿಯಿಂದ ಫೋನ್ ಬಂದರೆ ಸೆಟ್ ಕೊಟ್ಟುಬಿಡುತ್ತಿದ್ದೆವು. ವರ್ಷಗಟ್ಟಲೆ ನೇರಳೆಯನ್ನೇ ನೋಡಿದ ಕಣ್ಣಿಗೆ ಹಳದಿಯೂ ಉಂಟು ಎಂಬುದೇ ಮರೆತುಹೋಗಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಿಜಿಸ್ಟರಿನ ಫಲಿತಾಂಶದ ಕಾಲಂ ಅನ್ನು ನಾನು ಮೊದಲೇ ತುಂಬಿಡುತ್ತಿದ್ದೆ. ಆ ಶುಕ್ರವಾರ ಗುಣಮಟ್ಟದ ತಪಾಸಣೆಗೆ ಹೊರಗಿನವರು ಬರುವವರಿದ್ದರು. ಕೊನೇ ಗಳಿಗೆಯಲ್ಲಿ ಕೈ ತಡವರಿಸಬಾರದೆಂದು ಸೋಮವಾರವೇ ಕುಳಿತು ಇಡೀ ವಾರಕ್ಕೆ ಪಾಸ್, ಪಾಸ್, ಪಾಸ್ ಎಂದು ಬರೆದು ಸಹಿ ಹಾಕಿದ್ದೆ. ಅಕ್ಷರ ನನ್ನದು ದುಂಡಗೆ, ಪುಟ ಚೆಂದ ಕಾಣುತ್ತಿತ್ತು.

ಅಕ್ಕನ ವಿಷಯ ಹೇಳಬೇಕು. ನಲವತ್ತು ದಾಟಿದ ಟೆಕ್ನಿಷಿಯನ್. ಕೆಲಸ ಗುತ್ತಿಗೆಯದು, ವರ್ಷ ವರ್ಷವೂ ನವೀಕರಣ ಆಗಬೇಕು. ನನ್ನದು ಕಾಯಂ, ಮೇಲೆ ಇನ್‌ಚಾರ್ಜ್ ಎಂಬ ಕೋಡು ಬೇರೆ. ಆಸ್ಪತ್ರೆಯವರೆಲ್ಲ ಆಕೆಯನ್ನು ಅಶೋಕಪುರಂ ಅಕ್ಕ ಎನ್ನುತ್ತಿದ್ದರು. ಸರಸ್ವತಿಪುರಂನಿಂದ ಬರುತ್ತಿದ್ದ ನನ್ನನ್ನು ಯಾರೂ ಸರಸ್ವತಿಪುರಂ ಅಣ್ಣ ಎಂದದ್ದಿಲ್ಲ. ಅಶೋಕಪುರಂ ಹೆಚ್ಚಾಗಿ ದಲಿತರಿರುವ ಬಡಾವಣೆ, ಆ ಕರೆಯುವುದರಲ್ಲಿ ಜಾತಿಯೂ ಇದೆ ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು, ನನ್ನ ಬುದ್ಧಿ ಅಷ್ಟು ಚುರುಕು. ಹುಣ್ಣಿಮೆಯ ದಿನ ಅವರು ಬೆಳಗಿನ ವಂದನೆ ಮುಗಿಸಿ, ಬುದ್ಧ ವಿಹಾರದಿಂದ ನೇರ ಬಿಳಿ ಸೀರೆಯಲ್ಲೇ ಡ್ಯೂಟಿಗೆ ಬರುತ್ತಿದ್ದರು. ಪಂಚಶೀಲ, ಅಂದರೆ ಕೊಲ್ಲದೆ, ಸುಳ್ಳಾಡದೆ ಇರುವಂಥ ಐದು ನಿಯಮ, ತೆಗೆದುಕೊಂಡು ಬಂದೆ ಎನ್ನುತ್ತಿದ್ದರು. "ಹೋದ ತಿಂಗಳು ತಗೊಂಡಿದ್ದು ಖರ್ಚಾಗೋಯ್ತಾ ಅಮ್ಮ?" ಎಂದು ನಾನು ರೇಗಿಸುತ್ತಿದ್ದೆ. "ಆಗೋಯ್ತು ಸಾರ್" ಎಂದು ನಗುತ್ತಿದ್ದರು. ನಾನು ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವನು, ದಿನಾ ವಿಭೂತಿ ಇಡುವವನು. ಧರ್ಮದ ವಿಷಯ ನನಗೂ ಗೊತ್ತು ಎಂಬ ಗತ್ತು ಇತ್ತು.

ಮಂಗಳವಾರ ಮಧ್ಯಾಹ್ನ ಎರಡನೇ ಮಿಷನ್ನಿನಲ್ಲಿ ಬೆಂದ ಮೂರನೇ ಲೋಡಿನಲ್ಲಿ ಒಂಬತ್ತು ಸೆಟ್ ಇದ್ದವು. ಅದರಲ್ಲೊಂದು ಕಾಲಿನ ಮೂಳೆಗೆ ಹಾಕುವ ಪ್ಲೇಟಿನ ಸೆಟ್. ಸ್ಕೂಟರಿನಿಂದ ಬಿದ್ದು ಬಲ ಮೊಣಕಾಲಿನ ಕೆಳಗೆ ಮುರಿದುಕೊಂಡಿದ್ದ ಶಾಲಾ ಬಸ್ಸಿನ ಡ್ರೈವರ್ ಒಬ್ಬರು ಟೇಬಲ್ಲಿನ ಮೇಲೆ ಮಲಗಿದ್ದರು. ಓಟಿ ಸಿಸ್ಟರ್ ಎರಡು ಸಲ ಫೋನ್ ಮಾಡಿದರು. ಅಕ್ಕ ನನ್ನ ಮುಖ ನೋಡಿದರು. "ಕಳಿಸಮ್ಮ, ಯಾವತ್ತಾದ್ರೂ ಫೇಲ್ ಆಗಿದೆಯಾ?" ಎಂದೆ ನಾನು. ಅಕ್ಕ ಸಹಿ ಮಾಡಿ ಕಳಿಸಿದರು. ಸಂಜೆಗೆ ಆ ಪ್ಲೇಟು ಡ್ರೈವರನ ಕಾಲೊಳಗಿತ್ತು.

ಈಗ ಆ ಲೋಡಿನ ವಯಲು ನನ್ನ ಮೇಜಿನ ಮೇಲೆ, ಇಪ್ಪತ್ತನಾಲ್ಕು ಗಂಟೆ ತುಂಬುವ ಮೊದಲೇ ಹಳದಿಯಾಗಿ ಕುಳಿತಿತ್ತು.

ಮೊದಲು ನನಗೆ ಹೊಳೆದದ್ದು ತಪ್ಪಿಸಿಕೊಳ್ಳುವ ದಾರಿ. "ವಯಲು ಅದಲುಬದಲಾಗಿರ್ಬೇಕು ಕಣಮ್ಮ."

"ಲೇಬಲ್ ನೋಡಿ ಸಾರ್. ಒಂದನೇ ಮಿಷನ್ದೂ ಇದೇ ಡಬ್ಬದ್ದು, ಅದು ನೇರಳೆನೇ ಇದೆ."

"ಬೆಚ್ಚಗಿಡೋ ಪೆಟ್ಟಿಗೆ ಕೆಟ್ಟಿರ್ಬೇಕು."

"ಉಷ್ಣತೆ ನೋಡಿ ಬರೆದಿದೀನಿ. ಸರಿಯಾಗಿದೆ."

"ಓಟಿಲಿ ಸೆಟ್ ಬಿಚ್ದಾಗ ಹಬೆ ತಾಗಿದ್ದು ತೋರ್ಸೋ ಒಳಗಿನ ಪಟ್ಟಿ ಬಣ್ಣ ತಿರುಗಿತ್ತಂತಲ್ಲ?"

"ತಿರುಗಿತ್ತು. ಅದು ಸೆಟ್ ನಡುವಿನ ಕತೆ ಹೇಳುತ್ತೆ. ಮೂಲೆದು ಇದು ಹೇಳ್ತಿದೆ."

ನಾನು ಹೇಳಿಕೊಟ್ಟ ಪಾಠ ನನಗೇ ಒಪ್ಪಿಸಿದಂತಿತ್ತು. ಆಕೆಗೆ ಇದನ್ನೆಲ್ಲ ಕಲಿಸಿದವನು ನಾನೇ. ಇನ್ನೊಂದು ಸಲ ಮೂರು ವಯಲು ಇಟ್ಟು ಮಿಷನ್ ಓಡಿಸಿ ನಾಳೆ ನೋಡೋಣ ಎಂದೆ. ಅದನ್ನೂ ಮಾಡೋಣ, ಆದರೆ ಡಾಕ್ಟರಿಗೆ ಇವತ್ತೇ ಗೊತ್ತಾಗಬೇಕು ಎಂದರು. ಮೂಳೆಗೆ ನಂಜು ಹತ್ತಿದರೆ ಎಷ್ಟು ಬೇಗ ಗೊತ್ತಾದರೆ ಅಷ್ಟು ಒಳ್ಳೆಯದು, ಔಷಧಿ ಬದಲಿಸಬಹುದು, ಗಾಯದ ಮೇಲೆ ಕಣ್ಣಿಡಬಹುದು. ತಡವಾದರೆ ಪ್ಲೇಟು ತೆಗೆಯಬೇಕು, ಕಾಲು ಮೊದಲಿನಂತೆ ಆಗದೇ ಹೋಗಬಹುದು. ಡ್ರೈವರನಿಗೆ ಬಲಗಾಲು ಎಂದರೆ ಬ್ರೇಕು, ಬ್ರೇಕು ಎಂದರೆ ಕೆಲಸ.

ಆಮೇಲೆ ಅಕ್ಕ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ರಿಜಿಸ್ಟರ್ ನೋಡ್ದೆ ಸಾರ್. ಇವತ್ತಿನ ಕಾಲಮ್ಮಲ್ಲಿ ಪಾಸ್ ಅಂತ ಇದೆ. ನಾನೇ ಮೇಲೆ ಹೋಗಿ ಹೇಳ್ಬೋದಿತ್ತು. ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀವೇ ಹೇಳ್ಬುಡಿ. ಹತ್ತು ಗಂಟೆವರೆಗೆ ಇಲ್ಲೇ ಇರ್ತೀನಿ."

ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಬೈಯಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನನಗೇ ಎರಡು ಗಂಟೆ ಕೊಟ್ಟಿದ್ದರು.

ಆ ಎರಡು ಗಂಟೆಯನ್ನು ನಾನು ಹೇಗೆ ಬಳಸಿಕೊಂಡೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮೂಳೆ ಡಾಕ್ಟರ ಹತ್ತಿರ ಹೋಗಲಿಲ್ಲ. ಆಡಳಿತಾಧಿಕಾರಿಯ ಕೋಣೆಗೆ ಹೋಗಿ, "ಎರಡನೇ ಮಿಷನ್ ಮೇಲೆ ಸ್ವಲ್ಪ ಅನುಮಾನ ಇದೆ ಸಾರ್" ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಧ್ವನಿಯಲ್ಲಿ.

"ಅನುಮಾನ ತಾನೆ? ಮಿಷನ್ ನಿಲ್ಲಿಸ್ರೀ. ಸರ್ವೀಸ್‌ನವರನ್ನ ಕರೆಸಿ. ಬರವಣಿಗೇಲಿ ಏನೂ ಬೇಡ. ಶುಕ್ರವಾರ ತಪಾಸಣೆ ಮುಗೀಲಿ, ಆಮೇಲೆ ನೋಡೋಣ."

ನನಗೆ ಎಷ್ಟು ಹಾಯೆನಿಸಿತೆಂದರೆ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಬಂದೆ. ಮೇಲಿನವರು ಹೇಳಿಯಾಯಿತು, ಇನ್ನು ನನ್ನ ತಲೆ ಮೇಲೆ ಏನೂ ಇಲ್ಲ.

"ಡಾಕ್ಟ್ರಿಗೆ ಹೇಳಿದ್ರಾ?" ಅಕ್ಕ ಕೇಳಿದರು.

"ಶುಕ್ರವಾರ ಮುಗೀಲಿ ಅಂದ್ರು ಕಣಮ್ಮ."

"ಅವರ ಕಾಲು ಶುಕ್ರವಾರದವರೆಗೆ ಕಾಯುತ್ತಾ ಸಾರ್?"

ನಾನು ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟೆ. ಅಕ್ಕನ ಕೈ ನಡುಗುತ್ತಿತ್ತು, ಅದನ್ನು ನಾನು ಕಣ್ಣಾರೆ ಕಂಡೆ. ಹೋಗಿ ನೀರು ಕುಡಿದು ಬಂದರು. ಮತ್ತೆ ಹೋಗಿ ಇನ್ನೊಂದು ಲೋಟ ಕುಡಿದರು. ಆಮೇಲೆ ಪ್ಯಾಕಿಂಗ್ ಮೇಜಿನ ಹತ್ತಿರದ ಸ್ಟೂಲಿನ ಮೇಲೆ ಕುಳಿತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕಣ್ಣು ಕೆಳಗೆ ಮಾಡಿದರು. ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಐದು ನಿಮಿಷ ಆಗಿರಬಹುದು. ಆಮೇಲೆ ಎದ್ದರು. ನಡುಗುವ ಕೈಯಿಂದಲೇ ವಿತರಣೆಯ ಪುಸ್ತಕ ತೆಗೆದು, ಮೂರನೇ ಲೋಡಿನ ಒಂಬತ್ತು ಸೆಟ್ ಎಲ್ಲೆಲ್ಲಿ ಹೋಗಿವೆ ಎಂದು ಬೆರಳಿಟ್ಟು ಓದಿ, ಫೋನ್ ಕೈಗೆತ್ತಿಕೊಂಡರು.

"ಸಿಸ್ಟರ್, ನಿನ್ನೆ ಎರಡನೇ ಮಿಷನ್ನಿನ ಮೂರನೇ ಲೋಡು. ನಿಮ್ಮತ್ರ ನಾಲ್ಕು ಸೆಟ್ ಇದೆ. ತೆರೀಬೇಡಿ. ವಾಪಸ್ ಕಳಿಸಿ."

ಓಟಿಯ ನಾಲ್ಕಾದ ಮೇಲೆ ಹೆರಿಗೆ ವಾರ್ಡಿಗೆ ಒಂದು, ತುರ್ತು ವಿಭಾಗಕ್ಕೆ ಎರಡು, ಡ್ರೆಸ್ಸಿಂಗ್ ಕೋಣೆಗೆ ಒಂದು. ಒಂದೊಂದು ಫೋನಿಗೂ ಅದೇ ಮಾತು, ಅದೇ ದನಿ. ಎಂಟು ಸೆಟ್ಟಿಗೆ ಫೋನ್ ಮುಗಿದ ಮೇಲೆ ಒಂಬತ್ತನೆಯದು ಉಳಿಯಿತು. ಅದಕ್ಕೆ ಫೋನ್ ಸಾಲದು. ಅಕ್ಕ ಎರಡೂ ವಯಲನ್ನು ಒಂದು ಚಿಕ್ಕ ಟ್ರೇಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು. ನಾನು ಕುರ್ಚಿಯಲ್ಲೇ ಇದ್ದೆ. ನಮ್ಮ ವಿಭಾಗದಲ್ಲಿ ಗುತ್ತಿಗೆಯ ಹೆಂಗಸೊಬ್ಬರು ಇನ್‌ಚಾರ್ಜ್‌ನನ್ನು ದಾಟಿ ಓಟಿ ಬಾಗಿಲು ತಟ್ಟಿದ್ದು ಅದೇ ಮೊದಲು.

ಕಾಲು ಗಂಟೆಯಲ್ಲಿ ಮೇಲೆ ಎರಡು ಆಪರೇಷನ್ ನಿಂತವು. ಸೆಟ್ ಇಲ್ಲದ ಮೇಲೆ ನಿಲ್ಲದೆ ಏನು? ಮತ್ತೆ ಕಾಲು ಗಂಟೆಯಲ್ಲಿ, ಯಾವತ್ತೂ ನೆಲಮಾಳಿಗೆಗೆ ಇಳಿಯದವರೆಲ್ಲ ನನ್ನ ಮೇಜಿನ ಮುಂದೆ ನಿಂತಿದ್ದರು: ಮೂಳೆ ಡಾಕ್ಟರು, ಓಟಿ ಸಿಸ್ಟರ್, ಆಡಳಿತಾಧಿಕಾರಿ, ಅವರ ಹಿಂದೆ ಅಕ್ಕ.

ಡಾಕ್ಟರು ಟ್ರೇ ತೋರಿಸಿ ಕೇಳಿದರು: "ನಾನು ನಿನ್ನೆ ಹಾಕಿದ ಪ್ಲೇಟು ಇದೇ ಲೋಡಿಂದಾ?"

"ಹೌದು ಡಾಕ್ಟ್ರೇ" ಎಂದರು ಅಕ್ಕ. "ಕಳಿಸಿದ್ದು ನಾನು. ಕಾಯ್ಬೇಕಿತ್ತು, ಕಾಯ್ಲಿಲ್ಲ. ಪುಸ್ತಕದಲ್ಲಿ ನನ್ನ ಸಹಿ ಇದೆ."

ಆಡಳಿತಾಧಿಕಾರಿ ನನ್ನ ರಿಜಿಸ್ಟರನ್ನು ಎಳೆದುಕೊಂಡು ಪುಟ ತಿರುವಿದರು. ಅವರ ಮುಖ ಅರಳಿತು. "ಇಲ್ನೋಡಿ ಡಾಕ್ಟ್ರೇ, ಸ್ಪಷ್ಟವಾಗಿ ಪಾಸ್ ಅಂತ ಇದೆ. ಇನ್‌ಚಾರ್ಜ್ ಸಹಿ ಇದೆ. ಈಕೆ ವಯಲು ಕಲಸಿಬಿಟ್ಟಿದಾರೆ ಅಷ್ಟೆ. ಓದು ಬರಹ ಸರಿಯಾಗಿ ಇಲ್ದೋರನ್ನ ಇಂಥ ಜಾಗದಲ್ಲಿ ಇಟ್ಕೊಂಡ್ರೆ ಹಿಂಗೇ ಆಗೋದು. ಗುತ್ತಿಗೆಯವರಿಗೆ ಇವತ್ತೇ ಹೇಳ್ತೀನಿ."

ಎಲ್ಲರೂ ಅಕ್ಕನ ಕಡೆ ನೋಡಿದರು. ಆ ಪಾಸ್ ಯಾರು ಬರೆದದ್ದು, ಯಾವಾಗ ಬರೆದದ್ದು, ಅಕ್ಕನಿಗೆ ಗೊತ್ತು. ಒಂದು ಮಾತು ಸಾಕಿತ್ತು. ಆಡಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಟ್ರೇ ಹಿಡಿದು ನಿಂತೇ ಇದ್ದರು. ನೋಡಿದ್ದರೆ ನಾನು ಏನಾದರೂ ನೆಪ ಹುಡುಕುತ್ತಿದ್ದೆನೇನೋ. ನೋಡದೆ ಇದ್ದದ್ದರಿಂದ ಆ ಜಾಗದಲ್ಲಿ ನಾನೊಬ್ಬನೇ ಉಳಿದೆ.

"ಅದನ್ನ ನಾನು ಸೋಮವಾರವೇ ಬರೆದಿಟ್ಟಿದ್ದೆ" ಎಂದೆ.

"ಏನಂದ್ರಿ?" ಎಂದರು ಆಡಳಿತಾಧಿಕಾರಿ.

"ಇಡೀ ವಾರದ್ದು ಸೋಮವಾರ ಬರೆದಿಟ್ಟೆ. ನಾಳೆದೂ ಪಾಸ್ ಅಂತಿದೆ, ನಾಡಿದ್ದೂ ಪಾಸ್ ಅಂತಿದೆ, ಪುಟ ತಿರುಗಿಸಿ. ವಯಲು ಕಲಸಿಲ್ಲ. ಸೆಟ್ ಕಳಿಸಿ ಅಂತ ಹೇಳಿದ್ದೂ ನಾನೇ. ಬೆಳಿಗ್ಗೆ ನಿಮ್ಮ ಹತ್ರ ಅರ್ಧ ಹೇಳಿ ಅರ್ಧ ನುಂಗಿದ್ದೂ ನಾನೇ."

ಮೂಳೆ ಡಾಕ್ಟರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯಲಾರೆ. ಅವರ ವಯಸ್ಸು ನನ್ನ ತಮ್ಮನಷ್ಟು. ಬೈದು ಮುಗಿಸಿ, ಗಡಿಯಾರ ನೋಡಿ, ತಲೆ ಕೆರೆದುಕೊಂಡು, "ಆಪರೇಷನ್ ಆಗಿ ಹದಿನೆಂಟು ಗಂಟೆನೂ ಆಗಿಲ್ಲ. ಏನಾದ್ರೂ ಮಾಡ್ಬೋದು" ಎಂದರು. ರಕ್ತ ಪರೀಕ್ಷೆ, ಬೇರೆ ಆಂಟಿಬಯಾಟಿಕ್, ದಿನಕ್ಕೆರಡು ಸಲ ಗಾಯ ನೋಡುವುದು ಎಂದು ಸಿಸ್ಟರಿಗೆ ಬರೆಸಿದರು. ಹೊರಟವರು ನಿಂತು, "ಪೇಷೆಂಟಿಗೆ ಏನು ಹೇಳೋದು?" ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ.

"ಆಗಿದ್ದನ್ನ" ಎಂದರು ಅಕ್ಕ.

ಎರಡನೇ ಮಹಡಿಯ ವಾರ್ಡಿಗೆ ನಾವು ಮೂವರು ಹೋದೆವು. ನಂಜನಗೂಡು ಕಡೆಯ ಡ್ರೈವರು, ಪಕ್ಕದಲ್ಲಿ ಅವರ ಹೆಂಡತಿ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಡಾಕ್ಟರು ಸುತ್ತಿ ಬಳಸದೆ ಹೇಳಿದರು. ನಿಮ್ಮ ಕಾಲಿಗೆ ಹಾಕಿದ ಸಾಮಾನು ಪೂರ್ತಿ ಶುದ್ಧವಾಗಿತ್ತು ಎಂದು ಈಗ ಹೇಳಲಾಗುವುದಿಲ್ಲ, ನಂಜಾಗದೆಯೂ ಇರಬಹುದು, ಆದರೂ ಆಗಬಹುದು, ನಾವು ನೋಡಿಕೊಳ್ಳುತ್ತೇವೆ. ಡ್ರೈವರು ಕಾಲಿನ ಬ್ಯಾಂಡೇಜು ನೋಡಿಕೊಂಡು, "ಗಾಡಿ ಓಡಿಸ್ಬೋದಾ ಡಾಕ್ಟ್ರೇ?" ಎಂದು ಕೇಳಿದರು. ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು.

ಹೆಂಡತಿ ಎದ್ದು ನಿಂತರು. "ನಿಮ್ಮನೆಯೋರ್ಗೆ ಇಂಗೇ ಮಾಡ್ತಿದ್ರಾ? ತೊಳೀದಲೇ ಆಕ್ಬುಟ್ರಾ ಕಾಲೊಳಕ್ಕೆ? ನಮ್ಮನ್ನ ಏನನ್ಕೊಂಡಿದೀರಿ?" ಇಡೀ ವಾರ್ಡು ತಿರುಗಿ ನೋಡಿತು. ಡಾಕ್ಟರು ಏನೋ ಸಮಾಧಾನ ಹೇಳಲು ಹೋದರು, ಆಕೆ ಇನ್ನೂ ಗಟ್ಟಿಯಾಗಿ ಕೂಗಿದರು. ನಾನು ನೆಲದ ಟೈಲ್ಸು ನೋಡುತ್ತಿದ್ದೆ.

ಅಕ್ಕ ಮುಂದೆ ಹೋಗಿ ಆಕೆಯ ಎದುರು ನಿಂತರು. "ಬೈರಿ ಅಮ್ಮ. ಸೆಟ್ ಕಳಿಸಿದ ಕೈ ಇದೇ. ಕೇಳಿಸ್ಕೊಳಕ್ಕೇ ಬಂದಿದೀವಿ."

ಆಕೆ ಬೈದರು. ಅಕ್ಕ ಕೇಳಿಸಿಕೊಂಡರು. ಕೈ ಮುಗಿಯಲಿಲ್ಲ, ಕಾರಣ ಕೊಡಲಿಲ್ಲ, ಕಣ್ಣು ತಪ್ಪಿಸಲಿಲ್ಲ. ಇನ್‌ಚಾರ್ಜ್ ಹೇಳಿದ್ದಕ್ಕೆ ಕಳಿಸಿದೆ ಎಂಬ ಮಾತು ಕೂಡ ಬರಲಿಲ್ಲ, ಅದು ನಿಜವಾಗಿದ್ದರೂ. ಬೈಗುಳ ಮುಗಿದು ಆಕೆ ಅಳತೊಡಗಿದಾಗ ಪಕ್ಕದ ಸ್ಟೂಲನ್ನು ಎಳೆದುಕೊಟ್ಟರು, ಅಷ್ಟೆ. ಹೊರಗೆ ಬಂದ ಮೇಲೆ ಡಾಕ್ಟರು ನನ್ನ ಕಡೆ ನೋಡದೆ ಅಕ್ಕನಿಗೆ ಮಾತ್ರ, "ಥ್ಯಾಂಕ್ಸಮ್ಮ" ಎಂದು ಹೇಳಿ ಹೋದರು. ಧೈರ್ಯ ಎಂದರೆ ಎದೆ ಸೆಟೆಸಿ ನಿಲ್ಲುವುದು ಎಂದು ಐವತ್ತೆರಡು ವರ್ಷ ನಂಬಿಕೊಂಡಿದ್ದವನು ನಾನು. ಆ ದಿನ ನಾನು ಕಂಡ ಧೈರ್ಯ ನಡುಗುವ ಕೈಯಲ್ಲೇ ಫೋನ್ ಎತ್ತಿತ್ತು, ಬೈಗುಳ ಕೇಳಿಸಿಕೊಂಡು ಸ್ಟೂಲು ಎಳೆದುಕೊಟ್ಟಿತ್ತು.

ಗುರುವಾರ ಸರ್ವೀಸ್ ಎಂಜಿನಿಯರ್ ಬಂದು ಎರಡನೇ ಮಿಷನ್ನಿನ ತಳ ಬಿಚ್ಚಿದರು. ಹಬೆ ಒಳಗೆ ಬರುವಾಗ ಗಾಳಿ ಹೊರಗೆ ಹೋಗುವ ಕಿಂಡಿಗೆ ಒಂದು ಜಾಲರಿ ಇರುತ್ತದೆ, ಅದನ್ನು ದಿನಾ ಬೆಳಿಗ್ಗೆ ತೆಗೆದು ತೊಳೆಯಬೇಕು. ಬಟ್ಟೆಯ ಜುಂಗು, ಲೇಬಲ್ಲಿನ ಕಾಗದ ಸೇರಿ ಅದರ ಮೇಲೆ ಕಂಬಳಿಯಂತೆ ದಪ್ಪಗೆ ಕಟ್ಟಿಕೊಂಡಿತ್ತು. ದಿನಾ ಬೆಳಿಗ್ಗೆ ಪೆಟ್ಟಿಗೆಯನ್ನು ಖಾಲಿ ಓಡಿಸಿ ಮಾಡುವ ಪರೀಕ್ಷೆಯಲ್ಲಿ ಅದು ಗೊತ್ತಾಗಿರಲಿಲ್ಲ. ಒತ್ತೊತ್ತಾಗಿ ತುಂಬಿದ ಮೂರನೇ ಲೋಡಿನಲ್ಲಿ ಗಾಳಿ ಹೊರಗೆ ಹೋಗದೆ ಮೂಲೆಯಲ್ಲಿ ಕುಳಿತುಬಿಟ್ಟಿತ್ತು. "ಇದನ್ನ ಕ್ಲೀನ್ ಮಾಡಿ ಎಷ್ಟು ದಿನ ಆಯ್ತು?" ಎಂದು ಎಂಜಿನಿಯರ್ ಕೇಳಿದರು. ರಿಜಿಸ್ಟರಿನಲ್ಲಿ ಜಾಲರಿ ಶುಚಿ ಎಂಬ ಕಾಲಂ ಇದೆ. ಅದಕ್ಕೂ ನಾನು ಇಡೀ ವಾರ ಟಿಕ್ ಹಾಕಿದ್ದೆ.

ಅವತ್ತು ಸಂಜೆ ಅಕ್ಕ ಮತ್ತು ನಾನು ಕುಳಿತು ಆ ವಾರದ ಪುಟಗಳನ್ನು ಸರಿಪಡಿಸಿದೆವು. ತಪ್ಪಾಗಿ ಬರೆದದ್ದನ್ನು ಬಿಳಿ ಬಣ್ಣ ಹಚ್ಚಿ ಮುಚ್ಚಕೂಡದು. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದು, ಬರೆದ ದಿನ ಹಾಕಿ ಸಹಿ ಮಾಡಬೇಕು. ಒಂದೊಂದು ಪಾಸ್ ಮೇಲೂ ಗೆರೆ ಎಳೆಯುವಾಗ ಹಲ್ಲು ಕೀಳಿಸಿಕೊಂಡಂತಾಯಿತು. ಶುಕ್ರವಾರ ಬಂದ ತಪಾಸಣೆಯ ಹಿರಿಯರು ಆ ಪುಟದ ಮೇಲೆ ಬಹಳ ಹೊತ್ತು ಕನ್ನಡಕ ಇಟ್ಟು, ಆಮೇಲೆ ಹಿಂದಿನ ತಿಂಗಳುಗಳ ಚೆಂದದ ಪುಟಗಳನ್ನು ಸರಸರ ತಿರುವಿ, "ಇಡೀ ಪುಸ್ತಕದಲ್ಲಿ ನಂಬೋ ಹಾಗಿರೋದು ಇದೊಂದೇ ಪುಟ ಕಣ್ರೀ" ಎಂದರು. ಆಸ್ಪತ್ರೆಗೆ ದೋಷಪಟ್ಟಿ ಬಂತು, ನನಗೆ ಮೆಮೊ ಬಂತು, ಇನ್‌ಚಾರ್ಜ್ ಕೋಡು ಹೋಯಿತು.

ಶನಿವಾರ ಡ್ರೈವರಿಗೆ ಜ್ವರ ಬಂತು, ಹೊಲಿಗೆಯ ಸುತ್ತ ಕೆಂಪಾಯಿತು. ಆ ಸೆಟ್ಟಿನಿಂದಲೇ ಬಂತೋ, ಬೇರೆ ಎಲ್ಲಿಂದ ಬಂತೋ, ಡಾಕ್ಟರು ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲವಂತೆ. ಆದರೆ ಡಾಕ್ಟರು ಅದಕ್ಕೆಂದೇ ಕಣ್ಣಿಟ್ಟು ಕಾಯುತ್ತಿದ್ದರು. ಭಾನುವಾರ ಬೆಳಿಗ್ಗೆ ಗಾಯ ಬಿಚ್ಚಿ ತೊಳೆದರು, ಪ್ಲೇಟು ತೆಗೆಯುವ ಪ್ರಮೇಯ ಬರಲಿಲ್ಲ. ಗೊತ್ತಿಲ್ಲದೆ ಮನೆಗೆ ಕಳಿಸಿಬಿಟ್ಟಿದ್ದರೆ, ಜ್ವರದ ಮಾತ್ರೆ ನುಂಗಿಕೊಂಡು ವಾರ ಕಳೆದಿದ್ದರೆ ಕತೆ ಬೇರೆಯಾಗುತ್ತಿತ್ತು ಎಂದರು. ಅಕ್ಕ ದಿನಾ ಡ್ಯೂಟಿ ಮುಗಿಸಿ ವಾರ್ಡಿಗೆ ಹೋಗಿ ಬಾಗಿಲಲ್ಲಿ ನಿಂತು ಬರುತ್ತಿದ್ದರು. ಡ್ರೈವರನ ಹೆಂಡತಿ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಮೂರನೇ ದಿನದಿಂದ ನಾನೂ ಜೊತೆಗೆ ಹೋಗತೊಡಗಿದೆ. ನನಗೂ ಮುಖ ತಿರುಗಿಸಿದರು, ಅದು ನ್ಯಾಯವೇ.

ಮುಂದಿನ ವಾರ ಒಂದು ದಿನ ಟೀ ಕುಡಿಯುವಾಗ ಕೇಳಿದೆ. "ಅವತ್ತು ಸ್ಟೂಲ್ ಮೇಲೆ ಕೂತು ಏನು ಬೇಡ್ಕೊಂಡ್ರಿ ಅಮ್ಮ?"

"ಏನೂ ಬೇಡ್ಕೊಳ್ಲಿಲ್ಲ ಸಾರ್. ಭಯ ಎಲ್ಲಿದೆ ಅಂತ ನೋಡ್ದೆ."

"ಎಲ್ಲಿತ್ತು?"

"ಹೊಟ್ಟೇಲಿತ್ತು. ಕೈಲಿತ್ತು. ಎದೇಲಿ ಗುದ್ದೋದು. ಹೋಗು ಅಂದ್ರೆ ಹೋಗಲ್ಲ ಅದು. ಸರಿ, ಇರು ಅಂದೆ. ಆಮೇಲೆ ನೋಡಿದ್ರೆ ಕಾಲಲ್ಲಿ ಇರ್ಲಿಲ್ಲ. ಕಾಲು ಖಾಲಿ ಇತ್ತು, ನಡೆದೆ."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಅವರಾಗಿಯೇ ಹೇಳಿದರು. ಪಂಚಶೀಲ ಎಂದರೆ ಸುಳ್ಳಾಡುವುದಿಲ್ಲ ಎಂದು ಆಣೆ ಇಡುವುದಲ್ಲವಂತೆ. ಸುಳ್ಳಾಡದೆ ಇರುವುದನ್ನು ಕಲಿಯುತ್ತೇನೆ ಎಂದು ಒಪ್ಪಿಕೊಳ್ಳುವುದಂತೆ. "ಕಲಿಯೋರು ತಪ್ಪು ಮಾಡ್ತಾರೆ ಸಾರ್. ಅದಕ್ಕೇ ಮತ್ತೆ ಮತ್ತೆ ತಗೋಬೇಕು. ನೀವು ಖರ್ಚಾಗೋಯ್ತಾ ಅಂತಿದ್ರಲ್ಲ, ಅದು ಸರಿಯಾಗೇ ಇತ್ತು."

"ನೀವೆಲ್ಲಿ ತಪ್ಪು ಮಾಡಿದ್ರಿ ಬಿಡಮ್ಮ."

ಅಕ್ಕ ಲೋಟ ಕೆಳಗಿಟ್ಟರು. "ಹಿಂದೆ ಒಂದ್ಸಲ ಸೆಟ್ಟೊಂದು ಒದ್ದೆಯಾಗೇ ಹೊರಗೆ ಬಂದಿತ್ತು. ಒದ್ದೆ ಸೆಟ್ ಕೊಡಬಾರ್ದು ಅಂತ ಗೊತ್ತು. ರಜೆ ಹಾಕಿ ಮಗಳ ಸ್ಕೂಲಿಗೆ ಹೋಗ್ಬೇಕಿತ್ತು, ಕೊಟ್ಬುಟ್ಟೆ. ಯಾರಿಗೂ ಹೇಳ್ಲಿಲ್ಲ. ಯಾರಿಗೂ ಏನೂ ಆಗ್ಲಿಲ್ಲ ಸಾರ್. ಏನೂ ಆಗ್ಲಿಲ್ಲ ಅನ್ನೋದೇ ನಂಗೆ ಹೆದರಿಕೆ ಆಗಿದ್ದು. ಬಾಯಿ ಮುಚ್ಕೊಂಡಿರೋದು ಎಷ್ಟು ಸುಲಭ ಅಂತ ಗೊತ್ತಾಗೋಯ್ತಲ್ಲ. ಆವತ್ತಿಂದ ದಿನಾ ಕೂತ್ಕೋತೀನಿ, ಬೆಳಿಗ್ಗೆ ಅರ್ಧ ಗಂಟೆ."

ನಾನು ಮೆಚ್ಚಿದ್ದು ಹುಟ್ಟಾ ಧೈರ್ಯವಂತೆಯೊಬ್ಬಳನ್ನು ಎಂದುಕೊಂಡಿದ್ದೆ. ಅಲ್ಲ, ಆಕೆ ದಿನಾ ಬೆಳಿಗ್ಗೆ ಚಾಪೆ ಹಾಸಿ ಕುಳಿತು ಅದನ್ನು ರೂಢಿ ಮಾಡಿಕೊಂಡಿದ್ದರು, ಬೇರೆಯವರು ವಾಕಿಂಗ್ ಹೋಗುವ ಹಾಗೆ. ನನ್ನ ಮೆಚ್ಚುಗೆ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಜೊತೆಗೆ, ಹಾಗಾದರೆ ನನ್ನಂಥ ಪುಕ್ಕಲನೂ ಕಲಿಯಬಹುದಲ್ಲ ಎಂಬ ಆಸೆಯೂ ಹುಟ್ಟಿತು.

ಅಕ್ಕನ ಗುತ್ತಿಗೆ ಆ ವರ್ಷ ನವೀಕರಣವಾಗುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಮೂಳೆ ಡಾಕ್ಟರು ಮೇಲೆ ಏನು ಮಾತಾಡಿದರೋ, ನವೀಕರಣವಾಯಿತು. ಇನ್‌ಚಾರ್ಜ್ ಮಾಡಲಿಲ್ಲ, ಡಿಪ್ಲೊಮಾ ಇಲ್ಲವೆಂದರು. ಆದರೆ ಪ್ಲೇಟಿನ ಸೆಟ್ ಹೊರಗೆ ಹೋಗಲು ಈಗ ಎರಡು ಸಹಿ ಬೇಕು, ಅದರಲ್ಲಿ ಒಂದು ಅವರದ್ದೇ ಎಂದು ಆದೇಶ ಬಂತು. ಇನ್ನೊಂದು ಸಹಿ ಡ್ಯೂಟಿಯಲ್ಲಿರುವ ಟೆಕ್ನಿಷಿಯನ್ನನದು, ಅಂದರೆ ಬಹಳ ಸಲ ನನ್ನದು.

ಡ್ರೈವರು ಮೂರು ತಿಂಗಳ ಮೇಲೆ ಊರುಗೋಲು ಬಿಟ್ಟು ನಡೆದರು. ಬಸ್ಸು ಓಡಿಸಲು ಇನ್ನೂ ಸ್ವಲ್ಪ ದಿನ ಬೇಕು ಎಂದಿದ್ದರು ಡಾಕ್ಟರು, ಆದರೂ ಕಾಲು ಪೆಡಲ್ ಒತ್ತಬಲ್ಲದು ಎಂದಾಗಿತ್ತು. ಅವತ್ತು ಮಧ್ಯಾಹ್ನ ಅವರ ಹೆಂಡತಿ ಒಬ್ಬರೇ ನಮ್ಮ ನೆಲಮಾಳಿಗೆಗೆ ಇಳಿದು ಬಂದರು. ಹೊರಗಿನವರು ಒಳಗೆ ಬರುವ ಹಾಗಿಲ್ಲ, ಕೆಂಪು ಗೆರೆಯ ಆಚೆ ನಿಂತರು. ಅಕ್ಕ, ನಾನು ಟೋಪಿ ತೆಗೆದು ಗೆರೆಯ ಹತ್ತಿರ ಹೋದೆವು. ಮತ್ತೇನೋ ಆಯಿತು ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

"ನಮ್ಮತ್ತೆಗೆ ಮಂಡಿ ಆಪರೇಸನ್ ಆಗ್ಬೇಕಂತೆ" ಎಂದರು ಆಕೆ. "ನಮ್ ಮನೇಲೆಲ್ಲ ಬಯ್ತಾವ್ರೆ, ಮತ್ತೆ ಅಲ್ಗೇ ಹೋದೀಯಾ, ಅಷ್ಟಾದ್ರೂ ಬುದ್ಧಿ ಬರ್ನಿಲ್ವಾ ಅಂತ. ಬೇರೆ ಆಸ್ಪತ್ರೆಗೆ ಓಗು ಅಂತಾರೆ."

"ಹೋಗಿ ಅಮ್ಮ" ಎಂದರು ಅಕ್ಕ. "ತಪ್ಪೇನಿಲ್ಲ."

"ಓಗಲ್ಲ. ಇಲ್ಲೇ ಬರ್ಸಿವ್ನಿ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಬೇರೆ ಕಡೆ ಕೆಟ್ಟೋದ್ರೆ ಯೋಳ್ತಾರೋ ಇಲ್ವೋ ನಂಗೇನ್ ಗೊತ್ತು? ಇಲ್ಲಾದ್ರೆ ಕೆಟ್ಟೋದ್ರೂ ಯೋಳ್ತಾರೆ."

ಆಕೆ ಹೋದ ಮೇಲೂ ಅಕ್ಕ ಗೆರೆಯ ಹತ್ತಿರವೇ ನಿಂತಿದ್ದರು.

ಆ ಅತ್ತೆಯ ಸೆಟ್ ಮುಂದಿನ ಸೋಮವಾರ ಮಧ್ಯಾಹ್ನ ಮೂರಕ್ಕೆ ಮಿಷನ್ನಿನಿಂದ ಹೊರಗೆ ಬಂತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಓಟಿಯಿಂದ ಫೋನ್ ಬಂತು, ಬೆಳಗಿನ ಆಪರೇಷನ್‌ಗಳು ಬೇಗ ಮುಗಿದಿವೆ, ಸೆಟ್ ಈಗಲೇ ಕಳಿಸಿ ಎಂದು. ಅಕ್ಕ ಅರ್ಧ ದಿನ ರಜೆಯಲ್ಲಿದ್ದರು, ಎರಡರ ಮೇಲೆ ಬಂದು ಸಹಿ ಹಾಕುವವರಿದ್ದರು. ವಯಲು ನೋಡಿದೆ, ನೇರಳೆಯಾಗಿಯೇ ಇತ್ತು, ಆದರೆ ಇನ್ನೂ ಐದು ಗಂಟೆ ಬಾಕಿ. ಹನ್ನೊಂದಕ್ಕೆ ಮತ್ತೆ ಫೋನ್. ಹನ್ನೆರಡಕ್ಕೆ ಆಡಳಿತಾಧಿಕಾರಿಯೇ ಮಾಡಿದರು.

"ಮೂರು ಗಂಟೆಗೆ ಮುಂಚೆ ಕೊಡಲ್ಲ ಸಾರ್" ಎಂದೆ. ಧ್ವನಿ ನಡುಗಿತು, ಅವರಿಗೂ ಕೇಳಿಸಿರಬೇಕು. ಫೋನ್ ಇಟ್ಟು, ಫಲಿತಾಂಶದ ಕಾಲಂ ಖಾಲಿ ಬಿಟ್ಟು, ಸೆಟ್ಟಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ.